ಗಂಜಿನ ಸಾವ್ಕಾರರ ಆಯಿಲ್ ಸೀಲ್

ಬೀದರಿನ ಗಾಂಧಿ ಗಂಜಿನ ಅಡತ್ ಅಂಗಡಿ ಸಾವ್ಕಾರರ ಕಣ್ಣು ತಪ್ಪಿಸಿ ಒಂದು ಹುಳುಕು ಕಾಳೂ ಆಚೆ ಹೋಗುವುದಿಲ್ಲ. ರೈತ ಇನ್ನೂ ಗಾಡಿಯಿಂದ ಇಳಿದಿರುವುದಿಲ್ಲ, ಇವರ ಅಂಗೈಗೆ ತೊಗರಿ ಬಂದಿರುತ್ತದೆ. ಒಂದು ಕಾಳು ಹಲ್ಲಿಗೆ ಹಾಕಿ ಕಟ್ ಅನ್ನಿಸಿದರೆ ತೇವ ಎಷ್ಟು, ಕಸ ಎಷ್ಟು, ಮಾಲು ಭಾಲ್ಕಿ ಕಡೆಯದೋ ಔರಾದ್ ಕಡೆಯದೋ, ಜಾತಕವೆಲ್ಲ ಹೊರಗೆ.

ಈ ಸಾವ್ಕಾರರಲ್ಲೇ ಒಂದು ಒಳಪಂಗಡವಿದೆ. ಅಂಗಡಿ ಮುಂದೆ ಕೆಎ-38 ನಂಬರಿನ ಹಳೇ ಮಾರುತಿ 800, ಅದರ ಮೂತಿಯ ಕೆಳಗೆ ನೆಲಕ್ಕೊಂದು ಗೋಣಿತಟ್ಟು. ತಟ್ಟು ಯಾಕೆ ಎಂದು ಅಪ್ಪಿತಪ್ಪಿಯೂ ಕೇಳಬಾರದು. ಕೇಳಿದರೆ ಸವಾಲು ನಿಲ್ಲುತ್ತದೆ, ತೂಕ ನಿಲ್ಲುತ್ತದೆ, ಚೀಲ ಹೊತ್ತ ಹಮಾಲನೂ ನಿಲ್ಲಬೇಕಾಗುತ್ತದೆ.

"ಗೇರ್ ಆಯಿಲ್ ಸೋರ್ಲತ್ತಾದ್ರಿ. ಸೀಲ್ ಹಾಕಿಸ್ಕೋತನೇ ಇದ್ದೀನಿ. ಈಗಿನ ಮಾಲ್‌ನಾಗ ದಮ್ಮೇ ಇಲ್ಲ."

ಈಗಿನ ಮಾಲು ಎಂದರೆ ಹತ್ತು ಅಂಗಡಿ ಅಲೆದು, ಎಲ್ಲಕ್ಕಿಂತ ಅಗ್ಗದ್ದು ಯಾವುದೋ ಅದನ್ನು, ಅದರಲ್ಲೂ ಚೌಕಾಸಿ ಮಾಡಿ ತಂದದ್ದು. ತೊಗರಿಯಲ್ಲಿ ಒಂದು ಕಲ್ಲು ಕಂಡರೆ ದರ ಇಳಿಸುವ ಮನುಷ್ಯ ಸೀಲಿನ ಪೊಟ್ಟಣ ಬಿಚ್ಚಿಯೂ ನೋಡುವುದಿಲ್ಲ.

1983ರ ಡಿಸೆಂಬರ್ 14ರಂದು ಮೊದಲ ಗಿರಾಕಿಯ ಕೈಗೆ ಕೀಲಿ ಬಂದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲೇ ನಿಂತಿದೆ. ಅಂದರೆ ಇಂದು ರಸ್ತೆಯಲ್ಲಿರುವ ಯಾವ 800ಕ್ಕೂ ಎಳೆಯ ವಯಸ್ಸಿಲ್ಲ. ಎಂಜಿನ್ನೂ ಗೇರ್‌ಬಾಕ್ಸೂ ಮುಂದೆ ಅಡ್ಡಲಾಗಿ ಕೂತಿವೆ. ಗೇರ್‌ಬಾಕ್ಸಿನ ಎರಡೂ ಮಗ್ಗುಲಿಂದ ಒಂದೊಂದು ಎಕ್ಸೆಲ್ ಹೊರಟು ಮುಂಗಾಲಿ ತಿರುಗಿಸುತ್ತದೆ. ಅದು ಹೊರಬರುವ ಬಾಯಿಗೆ ಕೂಡಿಸಿದ ಕಾವಲುಗಾರನೇ ಆಯಿಲ್ ಸೀಲ್: ಹೊರಗೆ ತಗಡಿನ ಬಳೆ, ಒಳಗೆ ರಬ್ಬರಿನ ತುಟಿ, ತುಟಿ ಎಕ್ಸೆಲ್ಲಿಗೆ ಅಂಟಿಕೊಂಡಿರಲೆಂದು ಅದರ ಬೆನ್ನಿಗೊಂದು ಸಣ್ಣ ಸ್ಪ್ರಿಂಗು. ಜರ್ಮನಿಯಲ್ಲಿ ಚರ್ಮ ಹದ ಮಾಡುತ್ತಿದ್ದ ಫ್ರಾಯ್ಡೆನ್‌ಬರ್ಗ್ ಕಂಪನಿ ವಾಲ್ಟರ್ ಸಿಮ್ಮರನ ಹೆಸರಿನಲ್ಲಿ ಇಂಥ ಸೀಲು ತಂದಾಗ ಆ ತುಟಿ ಚರ್ಮದ್ದೇ ಆಗಿತ್ತು, ರಬ್ಬರು ಬಂದದ್ದು ಆಮೇಲೆ. ಇದನ್ನು ಸಾವ್ಕಾರರಿಗೆ ಹೇಳದಿರುವುದೇ ಕ್ಷೇಮ. ಹೇಳಿದರೆ ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿ ಒಂದು ಮಾಡಿಸಿಯೇ ಬಿಟ್ಟಾರು.

ಅವರು ಮಾಡಿ ನೋಡದ ಉಪಾಯವಿಲ್ಲ. ಹೊರಗಿನಿಂದ ಎಂ-ಸೀಲ್ ಮೆತ್ತಿದ್ದಾಯಿತು. ತಿರುಗುವ ಎಕ್ಸೆಲ್ಲಿಗೆ ಎಂ-ಸೀಲ್ ಏನು ಮಾಡೀತು? ಗಾಡಿ ರೈಲ್ವೆ ಗೇಟು ಮುಟ್ಟುವಷ್ಟರಲ್ಲಿ ಉದುರಿತು. ಆಮೇಲೆ ದಪ್ಪ ಆಯಿಲ್ ಹಾಕಿಸಿದರು, ಚಳಿಗಾಲದ ಬೆಳಗ್ಗೆ ಗೇರು ಬೀಳದಾಯಿತು. ಸೀಲ್ ಬದಲಿಸಲು ಎಕ್ಸೆಲ್ ಎಳೆಯಬೇಕು, ಎಕ್ಸೆಲ್ ಎಳೆದರೆ ಆಯಿಲ್ ಸುರಿಯುತ್ತದೆ, ಆದ್ದರಿಂದ ಮೊದಲೇ ಇಳಿಸಬೇಕು. ಇಳಿಸಿದ ಆಯಿಲನ್ನು ಹಳೇ ಧೋತರದ ತುಂಡಿನಲ್ಲಿ ಸೋಸಿ ಮತ್ತೆ ಅದನ್ನೇ ಹಾಕು ಎನ್ನುವುದು ಇವರ ಹಟ. "ಕೆಟ್ಟಿಲ್ಲೋ, ವಾಸ್ನಿ ನೋಡು" ಎಂದು ಬೆರಳು ಗ್ಯಾರೇಜಿನ ಹುಡುಗನ ಮೂಗಿಗೇ ಹಿಡಿಯುತ್ತಾರೆ. ಗೇರ್ ಆಯಿಲಿಗೆ ಗಂಧಕದ ನಾತ ಹೊಸದಿದ್ದಾಗಲೂ ಇರುತ್ತದೆ, ಹುಡುಗ ಪಾಪ ಏನು ಹೇಳಬೇಕು.

ಹುಡುಗನ ಕೈಯೂ ಅಷ್ಟಕ್ಕಷ್ಟೇ. ಹೊಸ ಸೀಲನ್ನು ಅದರ ಅಳತೆಯದೇ ಪೈಪಿನ ತುಂಡಿಟ್ಟು ಸುತ್ತಲೂ ಸಮನಾಗಿ ಕೂಡಿಸಬೇಕು. ಅವನು ಸುತ್ತಿಗೆಯಿಂದ ಒಂದೇ ಮಗ್ಗುಲಿಗೆ ಬಡಿಯುತ್ತಾನೆ, ಬಳೆ ಸೊಟ್ಟ. ತುಟಿಗೆ ಆಯಿಲ್ ಸವರದೆ ಒಣ ಒಣ ಹಾಕುತ್ತಾನೆ, ರಬ್ಬರು ಸುಟ್ಟಿತು. ಎಕ್ಸೆಲ್ಲಿನ ಹಲ್ಲಿಗೆ ಟೇಪು ಸುತ್ತದೆ ನುಗ್ಗಿಸುತ್ತಾನೆ, ತುಟಿ ಹರಿಯಿತು. ಒಂದೊಂದು ಸೀಲೂ ಒಂದೊಂದು ರೀತಿ ಸತ್ತಿದೆ, ಸಾವ್ಕಾರರ ತೀರ್ಪು ಮಾತ್ರ ಒಂದೇ: ಮಾಲ್‌ನಾಗ ದಮ್ಮಿಲ್ಲ.

ಕೊನೆಗೆ ವಯಸ್ಸಾದ ಮಿಸ್ತ್ರಿಯ ಹತ್ತಿರ ಗಾಡಿ ಹೋಗುತ್ತದೆ. ಆತ ಸೀಲು ಮುಟ್ಟುವುದೇ ಇಲ್ಲ. ಮೊದಲು ಎಕ್ಸೆಲ್ ಅಲ್ಲಾಡಿಸಿ ಬೇರಿಂಗ್ ಆಟ ಇದೆಯೋ ನೋಡುತ್ತಾನೆ. ಆಮೇಲೆ ಎಕ್ಸೆಲ್ ಹೊರಗೆಳೆದು, ತುಟಿ ಉಜ್ಜುವ ಜಾಗದ ಮೇಲೆ ಉಗುರು ಎಳೆಯುತ್ತಾನೆ. ಉಗುರು ಸಿಕ್ಕಿಕೊಳ್ಳುತ್ತದೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಉಕ್ಕಿನಲ್ಲೇ ಗಾಡಿಜಾಡು ಬಿದ್ದಿದೆ; ಎಂಥ ಸೀಲು ಹಾಕಿದರೂ ತುಟಿ ಕೂರುವುದು ಅದೇ ಜಾಡಿನಲ್ಲಿ. ಮೂರನೆಯದು ಗೇರ್‌ಬಾಕ್ಸಿನ ನೆತ್ತಿಯ ಬ್ರೀದರ್. ಓಡಿ ಬಿಸಿಯಾದಾಗ ಒಳಗೆ ಹಿಗ್ಗುವ ಗಾಳಿ ಹೊರಹೋಗಬೇಕಾದ ದಾರಿ ಅದು. ಕಡ್ಡಿ ಹಾಕಿ ಕೆದರಿದರೆ ಬೀದರಿನ ಕೆಂಪು ಮಣ್ಣು, ಅದರ ಕೆಳಗೆ ಔರಾದಿನ ಕರಿ ಮಣ್ಣು, ಎರಡೂ ಎಣ್ಣೆ ಕುಡಿದು ಗಟ್ಟಿಯಾಗಿ ಕೂತಿವೆ.

"ನೌಬಾದ್ ಕರೇಜಿಗೆ, ಆ ನೆಲದಾಗಿನ ನೀರಿನ ಕಾಲುವಿಗೆ, ಬಹಮನಿ ಕಾಲದವ್ರು ಗಾಳಿ ಆಡ್ಲಿ ಅಂತ ಅಲ್ಲಲ್ಲಿ ಬಾಯಿ ಬಿಟ್ಟಾರ್ರಿ ಸಾವ್ಕಾರ್ರೆ. ನೀವು ಇದ್ದೊಂದು ಬಾಯೂ ಮುಚ್ಚೀರಿ. ಗಾಳಿ ಮ್ಯಾಲಿಂದ ಹೋಗ್ಲಿಲ್ಲಂದ್ರ ಸೀಲಿನಾಗಿಂದ ಆಯಿಲ್ ತಗೊಂಡೇ ಹೊಂಡ್ತದ."

ಬ್ರೀದರ್ ತೊಳೆದು, ಒಳ್ಳೆಯ ಸೀಲನ್ನು ಕೂದಲೆಳೆಯಷ್ಟು ಹೊರಗೆ ಕೂಡಿಸಿ, ತುಟಿ ಜಾಡು ಬಿಟ್ಟು ನುಣುಪು ಜಾಗಕ್ಕೆ ಬರುವಂತೆ ಮಾಡಿದ ಮಿಸ್ತ್ರಿ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಲೆವೆಲ್ ತೂತಿನಿಂದ ಹೊರಚೆಲ್ಲುವ ತನಕ ಹೊಸ ಆಯಿಲ್ ತುಂಬಿಸಿದ. ಸೋರಿಕೆ ನಿಂತಿತು.

ಲೆಕ್ಕದ ಹೊತ್ತಿಗೆ ಸಾವ್ಕಾರರು ಮತ್ತೆ ಸಾವ್ಕಾರರೇ. ಮಣ್ಣು ಕೆದರಿದ್ದಕ್ಕೂ ರೊಕ್ಕವೇ ಎಂದು ತಕರಾರು ತೆಗೆದು, ಅರ್ಧ ತಾಸು ಜಗ್ಗಾಡಿ, ಐವತ್ತು ರೂಪಾಯಿ ಮುರಿದುಕೊಂಡರು. ತೆಗೆದ ಹಳೇ ಸೀಲುಗಳನ್ನು ಬಿಡದೆ ಕೇಳಿ ಇಸಕೊಂಡು, ಅರಿವೆಯಲ್ಲಿ ಒರೆಸಿ, ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿದರು. ಮರುದಿನ ಎದುರಂಗಡಿಯವರ 800ರ ಕೆಳಗೆ ಎರಡು ಹನಿ ಕಂಡದ್ದೇ ತಡ, ಪೊಟ್ಟಣ ಬಿಚ್ಚಿ ಮುಂದೆ ಹಿಡಿದರು.

"ಹೊಸಾದು ಯಾಕ ತರ್ತೀರಿ? ಇದು ಹಾಕಿಸ್ರಿ. ಇನ್ನಾ ಜೀವ ಅದಾ. ಅರ್ಧ ರೇಟಿಗಿ ಕೊಡ್ತೀನಿ."