ಕಂಪ್ಯೂಟರಿಗೆ ನೀರು ಹಾಯಿಸುವ ಕ್ರಮ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಚೆನ್ನಾಗಿ ಓಡುತ್ತಿರುವ ಕಂಪ್ಯೂಟರಿನೊಳಗೆ ನೀರು ಬಿಡಬೇಕೆಂದು ನೀವು ತೀರ್ಮಾನಿಸಿದ್ದೀರಿ. ಕೆಲಸಕ್ಕೆ ಕೈಹಾಕುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಯಾರೂ ಓದುವುದಿಲ್ಲ ಎಂಬುದು ಗೊತ್ತಿರುವುದರಿಂದ ಮುಖ್ಯವಾದ ಮಾತನ್ನು ಇಲ್ಲೇ ಹೇಳಿಬಿಡುತ್ತೇವೆ: ನೀರು ನಿಮ್ಮ ಕಂಪ್ಯೂಟರನ್ನು ತಂಪು ಮಾಡುವುದಿಲ್ಲ.

ತಂಪು ಮಾಡುವುದು ಗಾಳಿಯೇ. ನೀರಿನದು ಬರೀ ಸಾಗಣೆ. ಚಿಪ್ಪಿನ ನೆತ್ತಿಯ ಮೇಲೆ ಕೂತ ತಾಮ್ರದ ಬ್ಲಾಕಿನಿಂದ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ತಂದು ಇಳಿಸುತ್ತದೆ. ಅಲ್ಲಿ ಅದನ್ನು ಹೊರಗೆ ತಳ್ಳಲು ಮತ್ತೆ ಫ್ಯಾನುಗಳೇ ಬೇಕು. ಒಂದು ಫ್ಯಾನಿನ ಸದ್ದು ತಾಳಲಾರದೆ ಹೊರಟವರು ಮೂರು ಫ್ಯಾನು ಕೊಳ್ಳುತ್ತೀರಿ. ಒಗ್ಗರಣೆ ಘಾಟನ್ನು ಅಡುಗೆಮನೆಯಿಂದ ನಡುಮನೆಗೆ ಓಡಿಸಿದ ಹಾಗೆ. ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡು ದುಡಿಯುವಾಗ 450 ವ್ಯಾಟ್ ಎಳೆಯುತ್ತದೆ. ನೀರು ಹಾಯಿಸಿದ ಮೇಲೂ ನಿಮ್ಮ ಕೋಣೆಗೆ ಬಂದು ಬೀಳುವುದು ಅದೇ 450 ವ್ಯಾಟ್ ಬಿಸಿ. ಕೋಣೆಯಲ್ಲಿ 38 ಡಿಗ್ರಿ ಇದ್ದರೆ ನೀರು 38ಕ್ಕಿಂತ ಕೆಳಗೆ ಇಳಿಯುವ ಮಾತೇ ಇಲ್ಲ. ರೇಡಿಯೇಟರ್ ಎಷ್ಟೇ ದೊಡ್ಡದು ತಂದರೂ ಮೇ ತಿಂಗಳ ರಾಯಚೂರು ರಾಯಚೂರೇ.

ಹಾಗಾದರೆ ಇದೆಲ್ಲ ಯಾತಕ್ಕೆ? 360 ಮಿಲಿಮೀಟರ್ ಉದ್ದದ ರೇಡಿಯೇಟರಿನ ಮೈ ದೊಡ್ಡದು, ಫ್ಯಾನು ನಿಧಾನವಾಗಿ ತಿರುಗಿದರೂ ನಡೆಯುತ್ತದೆ, ಸದ್ದು ಕಡಿಮೆ. ಇದು ಮನೆಯವರಿಗೆ ಹೇಳುವ ಕಾರಣ. ಗಾಜಿನ ಪಕ್ಕೆಯ ಕೇಸಿನೊಳಗೆ ನೀಲಿ ನೀರು ಹರಿಯುವುದು ನೋಡಲು ಚೆಂದ. ಇದು ನಿಜವಾದ ಕಾರಣ.

ಬೇಕಾಗುವ ಸಾಮಗ್ರಿ: ವಾಟರ್ ಬ್ಲಾಕು, ರೇಡಿಯೇಟರ್, ಪಂಪು, ರಿಸರ್ವಾಯರ್, ಟ್ಯೂಬು, ಫಿಟಿಂಗ್, ಒಂದು ಕಟ್ಟು ಟಿಶ್ಯೂ, ಒಂದು ಶನಿವಾರ. ಭಾನುವಾರವನ್ನೂ ಖಾಲಿ ಇಟ್ಟುಕೊಳ್ಳಿ. ಬೆಂಗಳೂರಿನವರು ಕೇಸು, ಫ್ಯಾನು, ಎಸ್‌ಎಂಪಿಎಸ್‌ಗಳನ್ನು ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ತರಬಹುದು. ಫಿಟಿಂಗ್ ಕೇಳಿದರೆ ಅಂಗಡಿಯವರು ನಿಮ್ಮನ್ನು ಪ್ಲಂಬಿಂಗ್ ಸಾಮಾನಿನ ಅಂಗಡಿಗೆ ಕಳಿಸಬಹುದು. ನಗಬೇಡಿ, ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬ್ಲಾಕಿನಿಂದ ಹಿಡಿದು ರೇಡಿಯೇಟರಿನವರೆಗೆ ಎಲ್ಲದರಲ್ಲೂ ಇರುವ ‘ಜಿ ಕಾಲಿಂಚು’ ತಿರುಪಿನ ಮರೆ, ಪೈಪಿನ ಕೆಲಸದವರು ತಲೆಮಾರುಗಳಿಂದ ಬಳಸುತ್ತಿರುವ ಬ್ರಿಟಿಷ್ ಮರೆಯೇ. ವ್ಯತ್ಯಾಸವಿಷ್ಟೇ: ಪ್ಲಂಬರ್ ಮರೆಗೆ ಟೆಫ್ಲಾನ್ ಟೇಪು ಸುತ್ತಿ ಸ್ಪ್ಯಾನರಿನಿಂದ ಬಿಗಿಯುತ್ತಾನೆ; ಇಲ್ಲಿ ನೀರು ತಡೆಯುವುದು ಬಳೆಯಷ್ಟು ತೆಳ್ಳನೆಯ ರಬ್ಬರಿನ ಓ-ರಿಂಗು. ಬೆರಳಿನಲ್ಲಿ ತಿರುಗಿಸಿ, ನಿಂತಲ್ಲಿಗೆ ನಿಲ್ಲಿಸಿ. ಇನ್ನೂ ಒಂದು ಸುತ್ತು ಇರಲಿ ಎಂದು ಬಲ ತೋರಿಸಿದರೆ ರಿಂಗು ಜಜ್ಜಿಹೋಗುತ್ತದೆ, ಇಲ್ಲವೇ ಬ್ಲಾಕಿನ ಅಕ್ರಿಲಿಕ್ ಟಾಪು ಬಿರುಕುಬಿಡುತ್ತದೆ. ಈ ಚಿಲ್ಲರೆ ಸಾಮಾನಿನ ಒಟ್ಟು ಬಿಲ್ಲು ಬಹಳ ಸಲ ರೇಡಿಯೇಟರಿನ ಬೆಲೆಯನ್ನು ದಾಟುತ್ತದೆ. ಬಿಲ್ಲನ್ನು ಎಲ್ಲಿಡಬೇಕೆಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಹಿಂದಿನವರಿಗೆ ಈ ಖರ್ಚು ಇರಲಿಲ್ಲ. 300 ಮೆಗಾಹರ್ಟ್ಸ್ ಸೆಲೆರಾನ್ ಪ್ರೊಸೆಸರನ್ನು 450ಕ್ಕೆ ಓಡಿಸಿ ಖುಷಿಪಡುತ್ತಿದ್ದ 1998ರ ಆಸುಪಾಸಿನ ಅಮೆರಿಕ, ಯುರೋಪಿನ ಹುಡುಗರು ಹಳೆಯ ಕಾರಿನ ಹೀಟರ್ ಕೋರನ್ನೇ ಬಿಚ್ಚಿ ರೇಡಿಯೇಟರ್ ಮಾಡಿಕೊಂಡರು, ಮೀನಿನ ತೊಟ್ಟಿಯ ಪಂಪು ತಂದರು. ನೋಡಲು ಗಲೀಜು, ಕೆಲಸ ಒಂದೇ.

ಹಂತ 1. ಲೋಹಗಳ ಜಾತಕ ನೋಡಿ. ತಾಮ್ರದ ಬ್ಲಾಕಿಗೆ ಅಗ್ಗದ ಅಲ್ಯೂಮಿನಿಯಂ ರೇಡಿಯೇಟರನ್ನು ಗಂಟುಹಾಕಬೇಡಿ. ಒಂದೇ ನೀರಿನಲ್ಲಿ ಎರಡೂ ಕೂತರೆ ಒಳಗೊಳಗೇ ಬ್ಯಾಟರಿಯಾಗಿ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಕಾಣಿಸುವ ಹೊತ್ತಿಗೆ ರೇಡಿಯೇಟರ್ ತೂತಾಗಿರುತ್ತದೆ.

ಹಂತ 2. ಯಾವುದು ಮೊದಲು, ಯಾವುದು ಆಮೇಲೆ? ಪಂಪಿನಿಂದ ಹೊರಟ ನೀರು ಮೊದಲು ಪ್ರೊಸೆಸರಿಗೋ ಕಾರ್ಡಿಗೋ ಎಂದು ಬಲ್ಲವರು ಜಗಳವಾಡುತ್ತಾರೆ. ಲೆಕ್ಕ ಹಾಕಿದರೆ ಜಗಳ ಉಳಿಯುವುದಿಲ್ಲ. ನಿಮಿಷಕ್ಕೆ 4 ಲೀಟರ್ ಹರಿಯುವ ನೀರು 450 ವ್ಯಾಟ್ ಹೀರಿಕೊಂಡರೂ ಬಿಸಿಯೇರುವುದು ಸುಮಾರು 1.6 ಡಿಗ್ರಿ ಮಾತ್ರ. ಟ್ಯೂಬು ಎಲ್ಲಿ ಕಡಿಮೆ ಬಾಗುತ್ತದೋ ಅದೇ ಸರಿಯಾದ ಕ್ರಮ. ಪಾಲಿಸಲೇಬೇಕಾದ ನಿಯಮ ಒಂದೇ: ರಿಸರ್ವಾಯರ್ ಪಂಪಿಗಿಂತ ಮೇಲಿರಲಿ. ಪಂಪಿನ ಬೇರಿಂಗಿಗೆ ನೀರೇ ಎಣ್ಣೆ. ಒಣಗಿದ ಪಂಪು ಓಡಿಸಿದರೆ ಹೊಸದನ್ನು ತರಬೇಕು.

ಹಂತ 3. ಟ್ಯೂಬು ಬಗ್ಗಿಸುವುದು. ಮೆತ್ತನೆಯ ಟ್ಯೂಬು ತಂದವರು ಕತ್ತರಿಸಿ, ಸಿಕ್ಕಿಸಿ, ಮುಂದಿನ ಹಂತಕ್ಕೆ ಹೋಗಬಹುದು. ಅವರ ಮೇಲೆ ಯಾರಿಗೂ ಗೌರವವಿಲ್ಲ, ಅವರ ಊಟ ಮಾತ್ರ ಹೊತ್ತಿಗೆ ಸರಿಯಾಗಿ ಆಗುತ್ತದೆ. ಉಳಿದವರು ಗಟ್ಟಿ ಪಿಇಟಿಜಿ ಕೊಳವೆಯೊಳಗೆ ಸಿಲಿಕೋನ್ ಹುರಿ ತೂರಿಸಿ, ಹೀಟ್ ಗನ್ನಿನ ಮುಂದೆ ಹಿಡಿದು, ಬೆರಳ ತುದಿಯಲ್ಲಿ ಉರುಳಿಸುತ್ತಾ ಕಾಯಬೇಕು. ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಇನ್ನೂ ಏನೂ ಆಗುವುದಿಲ್ಲ. ಆಮೇಲೆ ಕೊಳವೆ ಇದ್ದಕ್ಕಿದ್ದಂತೆ ಕೈಯಲ್ಲಿ ಜೋತುಬೀಳುತ್ತದೆ. ಬಾಗಿಸಲು ಅದೇ ಗಳಿಗೆ. ತುಸು ತಡವಾದರೆ ಒಳಗೆ ಗುಳ್ಳೆ ಏಳುತ್ತದೆ, ತುಸು ಅವಸರಪಟ್ಟರೆ ಬಾಗಿದಲ್ಲಿ ಚಪ್ಪಟೆಯಾಗುತ್ತದೆ. ಬಾಗು ಸರಿಬಂದರೆ ಉದ್ದ ಸಾಲುವುದಿಲ್ಲ. ಹೆಂಡತಿ ಬಂದು, “ಏನ್ರೀ ಇದು, ಪ್ಲಾಸ್ಟಿಕ್ ಸುಟ್ಟ ವಾಸನೆ?” ಎಂದರೆ ಕಿಟಕಿ ತೆಗೆಯಿರಿ. ಉತ್ತರ ಕೊಡಲು ಹೋಗಬೇಡಿ.

ಹಂತ 4. ಕಾರ್ಡಿನ ಕೂಲರ್ ಬಿಚ್ಚಿ ಬ್ಲಾಕು ಕೂರಿಸಿ. ಇದನ್ನು ಹಂತ 3ಕ್ಕಿಂತ ಮೊದಲೇ ಮಾಡಿರಬೇಕಿತ್ತು.

ಹಂತ 5. ನೀರು. ಕಾವೇರಿ ನೀರು ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಬಕೆಟ್ಟಿನ ಅಂಚಿನಲ್ಲಿ ಕಟ್ಟುವ ಬಿಳಿ ಉಪ್ಪನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಬ್ಲಾಕಿನೊಳಗಿನ ಕಾಲುವೆಗಳ ಅಗಲ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಯುಪಿಎಸ್ ಬ್ಯಾಟರಿಗೆ ಹಾಕುವಂಥ ಡಿಸ್ಟಿಲ್ಡ್ ವಾಟರ್ ತನ್ನಿ, ಪಾಚಿ ತಡೆಯುವ, ತುಕ್ಕು ತಡೆಯುವ ಔಷಧಿ ಬೆರೆಸಿ. ಹಾಲಿನಂತೆ ಮಂದವಾದ ಬಣ್ಣದ ದ್ರವಗಳು ಮೊದಮೊದಲು ಫೋಟೊದಲ್ಲಿ ಚೆನ್ನಾಗಿ ಬರುತ್ತವೆ, ಆಮೇಲೆ ಬಣ್ಣ ಕೆಳಗಿಳಿದು ಅದೇ ಕಾಲುವೆಗಳಲ್ಲಿ ಬೀಡುಬಿಡುತ್ತದೆ. ಶುದ್ಧ ನೀರಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಿ ಕೂರಬೇಡಿ. ಲೋಹ ಸವರಿಕೊಂಡು ಸುತ್ತುವ ನೀರು ಬಹಳ ದಿನ ಶುದ್ಧವಾಗಿ ಉಳಿಯುವುದಿಲ್ಲ.

ಹಂತ 6. ಸೋರಿಕೆ ಪರೀಕ್ಷೆ. ಮದರ್‌ಬೋರ್ಡಿಗೆ, ಕಾರ್ಡಿಗೆ ಹೋಗುವ ವೈರುಗಳನ್ನೆಲ್ಲ ಕಿತ್ತು, ಪಂಪಿಗೆ ಮಾತ್ರ ಕರೆಂಟು ಕೊಡಿ. ಬೋರ್ಡಿಲ್ಲದೆ ಎಸ್‌ಎಂಪಿಎಸ್ ಓಡಬೇಕಾದರೆ 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರನ್ನೂ ಕಪ್ಪು ವೈರನ್ನೂ ಸೇರಿಸಬೇಕು. ವೈರೆಲ್ಲ ಕಪ್ಪೇ ಆಗಿದ್ದರೆ ಜಂಪರ್ ಪ್ಲಗ್ಗು ತನ್ನಿ, ಊಹೆ ಬೇಡ. ಪ್ರತಿ ಜಾಯಿಂಟಿನ ಕೆಳಗೂ ಟಿಶ್ಯೂ ಇಟ್ಟು ಒಂದು ಹಗಲು ಒಂದು ರಾತ್ರಿ ಓಡಿಸಿ. ಕೇಸನ್ನು ಅತ್ತಿತ್ತ ವಾಲಿಸಿದರೆ ಗುಳ್ಳೆಗಳು ಗುಳುಗುಳು ಎಂದು ಮೇಲೇಳುತ್ತವೆ. ಸೋರಿಕೆಯನ್ನು ಅಸಡ್ಡೆ ಮಾಡಬೇಡಿ: ಆಪಲ್ ಕಂಪನಿ 2004ರಲ್ಲಿ ದ್ರವ ಹಾಯಿಸಿ ಮಾರಿದ ಪವರ್ ಮ್ಯಾಕ್ ಜಿ5ಗಳಲ್ಲೇ ಕೆಲವು ಒಳಗೆ ಸೋರಿ ಹಾಳಾದವು. ಅದು ಕಾರ್ಖಾನೆಯಲ್ಲಿ ಜೋಡಿಸಿದ್ದು.

ಫಲಿತಾಂಶ. ಕಾರ್ಡಿನ ಉಷ್ಣಾಂಶ ನಿಜಕ್ಕೂ ಇಳಿಯುತ್ತದೆ, ಏಕೆಂದರೆ ಅಲ್ಲಿ ಬ್ಲಾಕು ನೇರವಾಗಿ ಬೆತ್ತಲೆ ಚಿಪ್ಪಿನ ಮೇಲೆ ಕೂರುತ್ತದೆ. ಪ್ರೊಸೆಸರಿನ ಕತೆ ಬೇರೆ. ಅದರ ತಲೆಯ ಮೇಲೆ ಕಂಪನಿಯದೇ ಲೋಹದ ಮುಚ್ಚಳವಿದೆ, ಬಿಸಿ ಅದನ್ನು ದಾಟಿ ಬರುವಷ್ಟರಲ್ಲೇ ಸುಸ್ತಾಗಿರುತ್ತದೆ. ರೈಜೆನ್ 7000 ಸಾಲಿನ ದೊಡ್ಡ ಚಿಪ್ಪುಗಳಂತೂ ಸಿಕ್ಕ ತಂಪನ್ನೆಲ್ಲ ವೇಗಕ್ಕೆ ಸುರಿದುಕೊಂಡು 95 ಡಿಗ್ರಿಯವರೆಗೆ ಏರುವಂತೆಯೇ ತಯಾರಾಗಿವೆ. ಇಷ್ಟೆಲ್ಲ ಮಾಡಿ ಪರದೆ ನೋಡಿದರೆ 95 ಎಂದೇ ಬರೆದಿರಬಹುದು. ಅದು ದೋಷವಲ್ಲ, ದೂರು ಸ್ವೀಕರಿಸಲಾಗುವುದಿಲ್ಲ.

ಬರೀ ತಂಪು ಸಾಕು ಎನ್ನುವವರಿಗೆ ಐದಾರು ಸಾವಿರ ರೂಪಾಯಿಯೊಳಗೆ ಒಳ್ಳೆಯ ಏರ್ ಕೂಲರ್ ಸಿಗುತ್ತದೆ. ಅದು ಸೋರುವುದಿಲ್ಲ, ಪಾಚಿ ಕಟ್ಟುವುದಿಲ್ಲ, ವರ್ಷಕ್ಕೊಮ್ಮೆ ನೀರು ಬದಲಾಯಿಸು ಎನ್ನುವುದಿಲ್ಲ. ಇದನ್ನು ಓದಿಯೂ ಮುಂದುವರಿಯುತ್ತೀರಿ ಎಂಬುದು ನಮಗೆ ಗೊತ್ತು.

ಕೊನೆಯ ಸೂಚನೆ: ಕಾರ್ಡಿನಿಂದ ಬಿಚ್ಚಿದ ಮೂಲ ಕೂಲರನ್ನು ಗುಜರಿಗೆ ಹಾಕಬೇಡಿ. ಸಣ್ಣ ಸ್ಕ್ರೂಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ಅದರ ಜೊತೆಗೇ ಅಟ್ಟದ ಮೇಲಿಡಿ. ನೀರಿನ ಬ್ಲಾಕು ಸಾಮಾನ್ಯವಾಗಿ ಆ ಒಂದು ಮಾದರಿಯ ಕಾರ್ಡಿಗೆ ಮಾತ್ರ ಹೊಂದುತ್ತದೆ. ಕಾರ್ಡನ್ನು ಮಾರುವಾಗಲೂ ವಾರಂಟಿಗೆ ಕಳಿಸುವಾಗಲೂ ಎಲ್ಲರೂ ಕೇಳುವುದು ಆ ಹಳೆಯ ಕೂಲರನ್ನೇ.