ಫ್ರಿಜ್ಜಿನೊಳಗಿನ ವಾಲ್ವು

ದೇವದುರ್ಗದ ಸೋದರಮಾವ ಹಳೇ ಮನೆ ಕೆಡವಿ ಕಟ್ಟಿಸುವಾಗ ಅಟ್ಟದ ಸಾಮಾನೆಲ್ಲ ಹಂಚಿಬಿಟ್ಟರು. ತಾಮ್ರದ ಹಂಡೆ ಅಕ್ಕನಿಗೆ ಹೋಯಿತು, ಹಿತ್ತಾಳೆ ಕೊಳಗ ತಮ್ಮನ ಪಾಲಾಯಿತು. ನನ್ನ ಪಾಲಿಗೆ ರೇಡಿಯೋ. "ನೀ ಓದಿದಾವ ಅಳಿಯಾ, ರಿಪೇರಿ ಮಾಡ್ಕೋ" ಎಂದರು. ನಾನು ಓದಿದ್ದು ಇತಿಹಾಸ. ಆದರೆ ನಮ್ಮ ಬಂಧುಗಳ ಲೆಕ್ಕದಲ್ಲಿ ಕನ್ನಡಕ ಹಾಕಿದವನಿಗೆ ವಿದ್ಯುತ್ತೂ ಗೊತ್ತಿರಬೇಕು, ಮಂಡಿನೋವಿಗೆ ಮದ್ದೂ ಗೊತ್ತಿರಬೇಕು.

ಗಬ್ಬೂರಿನ ಮೇಲೆ ರಾಯಚೂರಿಗೆ ಬರುವ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರ್ ಬಗ್ಗಿ ನೋಡಿ, "ಇದಕ್ಕ ಹಾಫ್ ಟಿಕೆಟ್ಟೋ ಫುಲ್ಲೋ?" ಎಂದ. ಪಕ್ಕದ ಮುದುಕ ಮಾತ್ರ ಮರದ ಪೆಟ್ಟಿಗೆಯನ್ನು ಮಗುವಿನ ಹಾಗೆ ಸವರಿ, ಬುಧವಾರ ರಾತ್ರಿ ಸಿಲೋನಿನಿಂದ ಬರುತ್ತಿದ್ದ ಬಿನಾಕಾ ಗೀತಮಾಲಾ, ಅಮೀನ್ ಸಯಾನಿಯ ದನಿ ಎಲ್ಲವನ್ನೂ ನೆನೆಸಿಕೊಂಡು, ರಾಯಚೂರು ಬಂದರೂ ಇಳಿಯಲೊಲ್ಲ.

ಮನೆಗೆ ಬಂದು ಬಿಚ್ಚಿ ನೋಡಿದರೆ ನಾಲ್ಕು ವಾಲ್ವು, ಅರ್ಧ ಸೇರು ಧೂಳು, ಸತ್ತ ಹಲ್ಲಿ ಒಂದು. ಮೂಲೆಯಲ್ಲಿ ಸುಟ್ಟು ಕರಕಾದ ಪಿಂಗಾಣಿಯ ಕಡ್ಡಿ. ಡ್ರಾಪರ್ ರೆಸಿಸ್ಟರ್ ಅಂದರೆ ಅದೇ. ಅದರ ಮೈಮೇಲೆ ಎಷ್ಟು ಓಂ ಎಂದು ಬರೆದದ್ದೂ ಅದರ ಜೊತೆಗೇ ಸಹಗಮನ ಮಾಡಿತ್ತು.

ಈ ಜಾತಿಯ ರೇಡಿಯೋದಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ನಾಲ್ಕೂ ವಾಲ್ವಿನ ಫಿಲಮೆಂಟುಗಳನ್ನು ಒಂದೇ ದಾರಕ್ಕೆ ಮಣಿ ಪೋಣಿಸಿದಂತೆ ಪೋಣಿಸಿ, ಗೋಡೆಯ ಕರೆಂಟನ್ನು ನೇರ ಬಿಟ್ಟಿರುತ್ತಾರೆ. ಒಂದು ಮಣಿ ಒಡೆದರೆ ಸಾಕು, ಮನೆಮಂದಿಯೆಲ್ಲ ಕತ್ತಲೆ. ಮುಲ್ಲಾರ್ಡ್, ಫಿಲಿಪ್ಸ್‌ನವರು ವಾಲ್ವಿಗೆ ಇಟ್ಟ ಹೆಸರಿನಲ್ಲೇ ಜಾತಕ ಅಡಗಿದೆ. ಮೊದಲ ಅಕ್ಷರ 'ಯು' ಆದರೆ 100 ಮಿಲಿಆಂಪಿಯರ್ ಸಾಲಿನ ವಂಶ. 'ಇ' ಆದರೆ 6.3 ವೋಲ್ಟಿನ ಬೇರೆ ಮನೆತನ. ಒಂದೊಂದು ವಾಲ್ವೂ ತನ್ನ ಪಾಲಿನ ವೋಲ್ಟು ಉಂಡ ಮೇಲೆ ಉಳಿದದ್ದೆಲ್ಲ ಡ್ರಾಪರ್ ತಲೆಗೆ. ಕೂಡುಕುಟುಂಬದ ಹಿರೀ ಸೊಸೆಯ ಹಾಗೆ ಅದು ಸುಮ್ಮನೆ ಬೇಯುತ್ತಿರುತ್ತದೆ. ಹಾಗಾಗಿ ಡ್ರಾಪರ್ ಎಷ್ಟು ಓಂನದು ಎಂದು ತಿಳಿಯಬೇಕಾದರೆ ನಾಲ್ವರ ಊಟದ ಲೆಕ್ಕವೂ ಬೇಕು.

ಮೂವರದು ಸಿಕ್ಕಿತು. ಯುಸಿಎಚ್ 81 ಮತ್ತು ಯುಬಿಎಫ್ 89 ತಲಾ 19 ವೋಲ್ಟು, ಯುವೈ 85 ಎಂಬುದು 38. ನಾಲ್ಕನೆಯದು, ಎಲ್ಲಕ್ಕೂ ಹಿಂದೆ ನಿಂತ ಎತ್ತರದ್ದು, ಬೋಳು. ಗಾಜಿನ ಮೇಲೆ ಒಂದಕ್ಷರವೂ ಇಲ್ಲ.

ಮಾನ್ವಿಯಲ್ಲಿ ಒಬ್ಬ ಚಾಚಾ ಇದ್ದಾರೆಂದು ಯಾರೋ ಹೇಳಿದರು. ಜಗನ್ನಾಥದಾಸರ ಊರು. ತಂಬೂರಿಗೆ ಶ್ರುತಿ ಕೂಡಿಸುವವರು ಅಲ್ಲಿ ಈಗಲೂ ಸಿಕ್ಕಾರು. ರೇಡಿಯೋಕ್ಕೆ ಕೂಡಿಸುವವರು ಇವರೊಬ್ಬರೇ. ಅಂಗಡಿ ತುಂಬ ಮಿಕ್ಸರು, ಟೇಬಲ್ ಫ್ಯಾನು. ಚಾಚಾ ವಾಲ್ವನ್ನು ಬಿಸಿಲಿಗೆ ಹಿಡಿದು, ಕಲ್ಲಂಗಡಿ ನೋಡುವವರ ಹಾಗೆ ಉಗುರಿನಿಂದ ತಟ್ಟಿ, "ಬೆಂಗಳೂರು ಮಾಲು ಸಾಹೇಬ್ರ, ಬಿಇಎಲ್‌ದು" ಎಂದರು. ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವು ಮಾಡಲು ಶುರುಮಾಡಿತ್ತು. ಅಲ್ಲಿಗೆ ಹುಟ್ಟೂರು ಸಿಕ್ಕಂತಾಯಿತು. ಹೆಸರು? ಚಾಚಾ ಒಗ್ಗರಣಿ-ಮಿರ್ಚಿ ತರಿಸಿದರು. ಹೈದರಾಬಾದಿನಲ್ಲಿ ಕೆಲಸ ಕಲಿತದ್ದು, ಉಸ್ತಾದರ ಕಪಾಳಮೋಕ್ಷ, ಗೌಡರೊಬ್ಬರ ಮನೆಯ ರೇಡಿಯೋದೊಳಗೆ ಚೇಳು ಸಿಕ್ಕಿದ್ದು, ಎಲ್ಲ ಹೇಳಿದರು. ನಂಬರು ಒಂದು ಬಿಟ್ಟು.

ಕೊನೆಗೆ, "ಹಾ ಅಂತ ಉಸಿರು ಬಿಡ್ರಿ ಗಾಜಿನ ಮ್ಯಾಲ. ಅಳಿಸಿದ ಅಕ್ಷರ ಆವಿಯೊಳಗ ಏಳ್ತಾವ" ಎಂದರು. ನಾನು ಬಿಟ್ಟೆ. ಅವರು ಬಿಟ್ಟರು. ಮಿಕ್ಸರ್ ಬಿಚ್ಚುತ್ತಿದ್ದ ಹುಡುಗನೂ ಬಂದು ಬಿಟ್ಟ. ಮೇ ತಿಂಗಳ ಮಾನ್ವಿ. ಗಾಜೇ ನಮ್ಮ ಉಸಿರಿಗಿಂತ ಬಿಸಿ. ಆವಿ ಎಲ್ಲಿಂದ ಕೂರಬೇಕು? ಚಾಚಾ ವಾಲ್ವನ್ನು ನನ್ನ ಕೈಗೆ ವಾಪಸಿಟ್ಟು, "ಮಳಿಗಾಲಕ್ಕ ಬರ್ರಿ" ಎಂದರು.

ಅಷ್ಟು ದಿನ ತಡೆಯುವವರು ಯಾರು? ಇಂಥ ಸೆಟ್ಟಿನ ಹಿಂದಿನ ಮುಚ್ಚಳದ ಒಳಮೈಗೆ ವಾಲ್ವಿನ ಪಟ್ಟಿ ಅಂಟಿಸಿರುತ್ತಾರೆ ಎಂದು ಚಾಚಾ ಹೇಳಿದ್ದು ನೆನಪಾಗಿ ಮತ್ತೆ ದೇವದುರ್ಗಕ್ಕೆ ಹೋದೆ. ಮಾವ ಟ್ರಂಕಿನಿಂದ ಬಹಳ ಗೌರವದಿಂದ ರೇಡಿಯೋ ಲೈಸೆನ್ಸಿನ ಪುಸ್ತಕ ತೆಗೆದರು. ವರ್ಷಾ ವರ್ಷಾ ಪೋಸ್ಟಾಫೀಸಿಗೆ ಹೋಗಿ 15 ರೂಪಾಯಿ ಕಟ್ಟಿದ್ದಕ್ಕೆ ಸಾಲಾಗಿ ಸ್ಟಾಂಪು, ಠಸ್ಸೆ. "ಒಂದು ವರ್ಷ ತಪ್ಪಿಸಿಲ್ಲ ನೋಡು." ಸರ್ಕಾರಕ್ಕೆ ಬೇಕಾದದ್ದೆಲ್ಲ ಅದರಲ್ಲಿತ್ತು, ನನಗೆ ಬೇಕಾದದ್ದು ಇರಲಿಲ್ಲ. "ಮುಚ್ಚಳ ಎಲ್ಲಿ ಮಾವಾ?" ಎಂದೆ. ಅತ್ತೆ ಹಿತ್ತಲಿನ ಕಡೆ ಕೈ ತೋರಿಸಿದರು. ತೂತು ತೂತಿನ ಹಲಗೆ, ಗಾಳಿ ಚೆನ್ನಾಗಿ ಆಡುತ್ತದೆಂದು ಕೋಳಿಬುಟ್ಟಿಗೆ ಮುಚ್ಚಿದ್ದರು. ತಿರುಗಿಸಿ ನೋಡಿದೆ. ಕೋಳಿಗಳು ಕುಕ್ಕಿ ಬಿಟ್ಟ ಕಾಗದದಲ್ಲಿ ಯುವೈ 85 ಒಂದೇ ಸ್ವಚ್ಛವಾಗಿ ಉಳಿದಿತ್ತು. ಅದು ನನಗೆ ಮೊದಲೇ ಗೊತ್ತಿತ್ತು.

ಬುದ್ಧಿ ಹೊಳೆದದ್ದು ರಾತ್ರಿ ಕರೆಂಟು ಹೋಗಿ ಬಂದು, ಫ್ರಿಜ್ಜು ಗುರ್ ಎಂದಾಗ. ಉಸಿರು ತಣ್ಣಗೆ ಮಾಡಲು ಆಗದಿದ್ದರೆ ಗಾಜನ್ನು ಮಾಡಬಹುದಲ್ಲ! ಮೊಸರಿನ ಬೋಗುಣಿಗೂ ಪುಂಡಿಪಲ್ಯದ ಡಬ್ಬಿಗೂ ನಡುವೆ ವಾಲ್ವನ್ನು ಮಲಗಿಸಿದೆ. ಬೆಳಿಗ್ಗೆ ಹೆಂಡತಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಹಾಲಿನ ಪಾತ್ರೆ ತೆಗೆದುಕೊಂಡು ಬಾಗಿಲು ಮುಚ್ಚಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಮಾತು ಕಡಿಮೆಯಾಗುತ್ತದೆ.

ವಾಲ್ವು ಹೊರಗೆ ತೆಗೆದದ್ದೇ ತಡ, ಗಾಜು ಮಂಜುಮಂಜಾಯಿತು. ಮೆಲ್ಲಗೆ ಉಸಿರು ಬಿಟ್ಟೆ. ಮಂಜಿನ ನಡುವೆ ಒಂದು ಗೆರೆ ಮೂಡಿತು, ಅದಕ್ಕೊಂದು ಕೊಕ್ಕೆ ಕೂಡಿತು. ಯು. ಸಿ. ಎಲ್. ಮಗಳು ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದಳು. 8. 2. ಯುಸಿಎಲ್ 82! ಕುಣಿಯುತ್ತ ಟೇಬಲ್ಲಿನ ಮೇಲಿಟ್ಟು, ಚಾಚಾಗೆ ಫೋನು ಮಾಡಲು ಹೋದೆ. ಬರುವಷ್ಟರಲ್ಲಿ ಅವ್ವ ಸೆರಗಿನಿಂದ ವಾಲ್ವನ್ನು ಫಳಫಳ ಒರೆಸಿ ಇಟ್ಟಿದ್ದಳು.

"ಬೆವತಿತ್ತು, ಒರಸಿದೆ."

"ಅಯ್ಯೋ ಅವ್ವಾ, ಅದರ ಮ್ಯಾಲ ನಂಬರ್ ಇತ್ತು!"

"ಗೊತ್ತದ ಬಿಡೋ. ಲಗ್ನ ಆಗೂತನಕ ಮಾನೌಮಿಗೆ ರೇಡಿಯೋ ಒರಸಾಕಿ ನಾನಾ. ಬೂದಿ ಹಚ್ಚಿ ತಿಕ್ಕಿದ್ರ ಏನ್ ಹೊಳೀತಿತ್ತಂತಿ! ಆದ್ರ ನನ್ನ ಕೈ ಹಿಂದಿಂದು ಒಂದಕ್ಕಾ ಮುಟ್ಟೂದು."

ಇತಿಹಾಸ ಓದಿದವನಿಗೆ ಸಾಕ್ಷಿ ನಾಶಪಡಿಸಿದವರು ಹೀಗೆ ತಾವಾಗಿ ಒಪ್ಪಿಕೊಳ್ಳುವುದು ಅಪರೂಪ.

ಯುಸಿಎಲ್ 82ರ ಪಾಲು 50 ವೋಲ್ಟು. ನಾಲ್ಕನ್ನೂ ಕೂಡಿಸಿದರೆ 126. ಮನೆಯ 230ರಲ್ಲಿ ಕಳೆದರೆ 104. ಅದನ್ನು 0.1 ಆಂಪಿಯರಿನಿಂದ ಭಾಗಿಸಿದರೆ 1040 ಓಂ. ಮೂರು ಸಲ ಲೆಕ್ಕ ಹಾಕಿ, ಎದೆಯುಬ್ಬಿಸಿ ಚಾಚಾಗೆ ಹೇಳಿದೆ.

"ಸಾವಿರದ್ದು ಹಾಕ್ರಿ, 20 ವ್ಯಾಟಿಂದು. ನಲವತ್ತಕ್ಕ ಏನ್ ಚೌಕಾಶಿ" ಎಂದರು. "ನಾಲ್ಕು ವಾಲ್ವಿನ ಅಂಥಾ ಸೆಟ್ಟಿಗೆ ನಾನು ಯಾವಾಗ್ಲೂ ಸಾವಿರಾನಾ ಹಾಕೂದು."

"ಮತ್ತ ಅವತ್ತಾ ಹೇಳಬಾರದಿತ್ತಾ ಚಾಚಾ?"

"ನೀವು ವಾಲ್ವಿನ ನಂಬರ್ ಕೇಳಿದ್ರಿ ಸಾಹೇಬ್ರ, ರೆಸಿಸ್ಟರ್ ಎಲ್ಲಿ ಕೇಳಿದ್ರಿ?"

ತೀನ್ ಕಂದೀಲ್ ಕಡೆಯ ಅಂಗಡಿಯೊಂದರಲ್ಲಿ ರೆಸಿಸ್ಟರ್ ಸಿಕ್ಕಿತು. ಬೆಸುಗೆ ಹಾಕಿ, ಎರಡು ಕಾಲಿನ ಪ್ಲಗ್ಗು ಚುಚ್ಚಿ, ಎಲ್ಲರನ್ನೂ ಕರೆದೆ. ನಾಲ್ಕೂ ವಾಲ್ವಿನ ಹೊಟ್ಟೆಯಲ್ಲಿ ಕೆಂಡದ ಬಣ್ಣ ನಿಧಾನಕ್ಕೆ ಏರಿತು. ಸುಟ್ಟ ಧೂಳಿನ ವಾಸನೆ ಬಂತು. ಗುಂಯ್ ಎಂದಿತು. ದನಿ ಏರಿಸೋಣವೆಂದು ಗುಂಡಿಗೆ ಕೈ ಹಾಕಿದೆ. ಗುಂಡಿಯ ಪಕ್ಕದ ಪುಟ್ಟ ಸ್ಕ್ರೂ ಬೆರಳಿಗೆ ತಾಗಿದ್ದೇ, ಮೊಣಕೈತನಕ ಜುಮ್ ಎಂದು ಎರಡು ಹೆಜ್ಜೆ ಹಿಂದೆ ಹಾರಿದೆ. ಪ್ಲಗ್ಗು ತಿರುಗುಮುರುಗಾದರೆ ಇಂಥ ಸೆಟ್ಟಿನ ತಗಡಿಗೆಲ್ಲ ಕರೆಂಟು ಹರಿದಿರುತ್ತದೆ.

ಅವ್ವ ಮುಖ ಅರಳಿಸಿ ಮುಂದೆ ಬಂದಳು.

"ಹಾಂ, ಇದಾ ನಮ್ಮ ರೇಡಿಯೋ. ಆವಾಗೂ ಹಿಂಗಾ ಹೊಡೀತಿತ್ತು."