ಶಾರ್ಟ್‌ಕಟ್ ಶಾಸ್ತ್ರಿಗಳು

ಮನೆಯ ಒಂದು ಕೋಣೆಯ ಗೋಡೆಗಳಿಗೆ ಬೂದುಬಣ್ಣದ ಸ್ಪಂಜನ್ನು ಅಂಟಿಸಿ, ಕಿಟಕಿಗೆ ದಪ್ಪ ಪರದೆಯನ್ನು ಇಳಿಬಿಟ್ಟು, ಒಂದು ಮೈಕನ್ನೂ ಒಂದು ಕಂಪ್ಯೂಟರನ್ನೂ ಪ್ರತಿಷ್ಠಾಪಿಸಿ, ಅದಕ್ಕೆ ಸ್ಟುಡಿಯೊ ಎಂದು ನಾಮಕರಣ ಮಾಡಿರುವ ಮಹನೀಯರು ಬೆಂಗಳೂರಿನ ಬಡಾವಣೆಗೊಬ್ಬರಾದರೂ ಈಗ ದೊರೆಯುತ್ತಾರೆ. ಅವರಲ್ಲಿ ಹಾಡುವವರುಂಟು, ಹಾಡಿಸುವವರುಂಟು, ಬಾರದಿದ್ದರೂ ಬಿಡದೆ ಹಾಡುವವರೂ ಉಂಟು. ಈ ಯಾವ ಪಂಗಡಕ್ಕೂ ಸೇರದೆ, ಕೀಬೋರ್ಡೊಂದನ್ನು ಮಡಿಲಲ್ಲಿರಿಸಿಕೊಂಡು, ಮುಂದೆಂದೋ ನಡೆಯಲಿರುವ ಧ್ವನಿಮುದ್ರಣಕ್ಕಾಗಿ ಇಂದೇ ಕೀಲಿಗಳನ್ನು ಅಣಿಗೊಳಿಸುತ್ತಿರುವವರು ನಮ್ಮ ಶಾರ್ಟ್‌ಕಟ್ ಶಾಸ್ತ್ರಿಗಳು. ಪೌರೋಹಿತ್ಯ ಅವರ ಕುಲವೃತ್ತಿಯಲ್ಲ. ಎಳ್ಳಷ್ಟು ವಿಧಿಲೋಪವನ್ನೂ ಸಹಿಸಲಾರದ ಸ್ವಭಾವವನ್ನು ಕಂಡು ಇಷ್ಟಮಿತ್ರರು ದಯಪಾಲಿಸಿದ ಬಿರುದು ಅದು.

ಶಾಸ್ತ್ರಿಗಳ ಆರಾಧ್ಯದೈವ ರೀಪರ್ ಎಂಬ ಧ್ವನಿಮುದ್ರಣದ ಸಾಫ್ಟ್‌ವೇರು. ಹಾಡು ಕೇಳಿಸುವ ವಿನ್ಯಾಂಪನ್ನು ನಿರ್ಮಿಸಿ ಖ್ಯಾತರಾದ ಜಸ್ಟಿನ್ ಫ್ರಾಂಕೆಲ್ ಅವರ ಕಾಕೋಸ್ ಸಂಸ್ಥೆಯಲ್ಲಿ ಹುಟ್ಟಿ, 2006ರಲ್ಲಿ ತನ್ನ ಮೊದಲನೆಯ ಪೂರ್ಣ ಆವೃತ್ತಿಯನ್ನು ಕಂಡ ಈ ಸಾಫ್ಟ್‌ವೇರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯನ್ನೊತ್ತಿದೊಡನೆ ಆಜ್ಞೆಗಳ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಅದರಲ್ಲಿರುವ ಆಜ್ಞೆಗಳು ಸಾವಿರಾರು. ಒಂದೊಂದಕ್ಕೂ ಮನಸ್ಸಿಗೆ ಬಂದ ಕೀಲಿಯನ್ನು ಗೊತ್ತುಮಾಡಬಹುದು. ಸಾಲದುದಕ್ಕೆ, ನಾಲ್ಕಾರು ಆಜ್ಞೆಗಳನ್ನು ಒಟ್ಟಿಗೆ ಪೋಣಿಸಿ, ಒಂದೇ ಕೀಲಿಗೆ ಅವೆಲ್ಲವೂ ಸಾಲಾಗಿ ನಡೆಯುವಂತೆಯೂ ಮಾಡಬಹುದು. ಸಾಮಾನ್ಯ ಮನುಷ್ಯನು ಈ ಪಟ್ಟಿಯನ್ನು ಕಂಡು ಬೆದರಿ ಮುಚ್ಚಿಬಿಡುತ್ತಾನೆ. ಶಾಸ್ತ್ರಿಗಳು ಒಳಕ್ಕೆ ಕೂಗಿ ಕಾಫಿ ತರಿಸಿಕೊಳ್ಳುತ್ತಾರೆ.

ಅವರ ಸಿದ್ಧಾಂತ ಸರಳವಾದುದು: ಯಾವ ಕಾರ್ಯವನ್ನು ಅಡಿಗಡಿಗೆ ಮಾಡಬೇಕಾಗುವುದೋ ಅದರ ಕೀಲಿ ಬೆರಳಿಗೆ ಅತ್ಯಂತ ಸಮೀಪದಲ್ಲಿರತಕ್ಕದ್ದು. ರೆಕಾರ್ಡಾದ ದನಿಯನ್ನು ಬೇಕಾದ ಕಡೆ ತುಂಡರಿಸುವುದಕ್ಕೆ ರೀಪರ್ ಎಸ್ ಅಕ್ಷರವನ್ನು ಇರಿಸಿದೆ. ಎಸ್ ಅಕ್ಷರದ ಮೇಲೆ ಎಡಗೈಯ ಉಂಗುರದ ಬೆರಳು ಕೂರುತ್ತದೆ. ಮದುವೆಯಾದಂದಿನಿಂದ ಭಾರ ಹೊತ್ತ ಆ ಬೆರಳಿಗೆ ಇನ್ನೊಂದು ಹೊರೆ ಸಲ್ಲದೆಂದು ಶಾಸ್ತ್ರಿಗಳು ಆ ಕಾರ್ಯವನ್ನು ಕಿರುಬೆರಳಿನಡಿಯ ಎ ಅಕ್ಷರಕ್ಕೆ ವರ್ಗಾಯಿಸಿದರು. ಆದರೆ ಎ ಅಕ್ಷರವನ್ನು ಹಿಂದಿನ ವಾರವಷ್ಟೆ ದನಿಯನ್ನು ಮೆಲ್ಲಗೆ ಇಳಿಸುವ ಫೇಡಿಗೆ ದಾನಮಾಡಿಯಾಗಿತ್ತು. ಫೇಡು ಡಿ ಅಕ್ಷರಕ್ಕೆ ಹೋಯಿತು. ಡಿ ಅಕ್ಷರದಲ್ಲಿದ್ದುದು ಶಿಫ್ಟನ್ನು ಜೊತೆಮಾಡಿಕೊಂಡು ಜಿ ಅಕ್ಷರಕ್ಕೆ ನಡೆಯಿತು. ಅಲ್ಲಿ ಮೊದಲೇ ಇದ್ದುದು ಕುಪಿತವಾಗಿ ಎಲ್ಲಿಗೆ ಹೋಯಿತೆಂಬುದು ಇಂದಿಗೂ ತಿಳಿಯದು. ಮದುವೆಯ ಮನೆಯಲ್ಲಿ ಬೀಗರಿಗೆ ಕೋಣೆ ಹಂಚುವ ಯಜಮಾನನಂತೆ, ಒಬ್ಬರನ್ನು ಕೂರಿಸಲು ಮತ್ತೊಬ್ಬರನ್ನು ಎಬ್ಬಿಸುತ್ತ, ಅವರು ಅಂದು ಬೆಳಗಿನ ಜಾವದವರೆಗೆ ಎಚ್ಚರವಿದ್ದರು.

ಶಾಸ್ತ್ರಿಗಳ ಮಾವನವರು ಆಕಾಶವಾಣಿಯಲ್ಲಿ ದುಡಿದು ನಿವೃತ್ತರಾದವರು. ಟೇಪಿನ ಮೇಲೆ ಪೆನ್ಸಿಲಿನಿಂದ ಗುರುತುಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಅಂಟುಪಟ್ಟಿಯಿಂದ ಬೆಸೆದು, ವಿದ್ವಾಂಸರ ಕೆಮ್ಮನ್ನು ಲೋಕಕ್ಕೆ ಕೇಳದಂತೆ ಕಾಪಾಡಿದ ತಲೆಮಾರಿಗೆ ಸೇರಿದವರು. ಅಳಿಯಂದಿರ ಪರಿಶ್ರಮವನ್ನು ಬಹಳ ಹೊತ್ತು ನೋಡುತ್ತಿದ್ದು, ಇದರಿಂದ ಪ್ರಯೋಜನವೇನೆಂದು ಅವರು ಕೇಳಿದರು.

“ಒಂದು ಸಲ ಕತ್ತರಿಸಿದರೆ ಅರ್ಧ ಸೆಕೆಂಡು ಉಳಿಯುತ್ತೆ ಮಾವ. ಒಂದು ಹಾಡಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.”

“ಭೇಷ್! ಉಳಿದದ್ದನ್ನೆಲ್ಲ ಎಲ್ಲಿಟ್ಟಿದ್ದೀರಿ ಅಳಿಯಂದಿರೇ?”

ಶಾಸ್ತ್ರಿಗಳು ಈ ಪ್ರಶ್ನೆಯನ್ನು ಹಳೆಯ ಕಾಲದವರ ಅಜ್ಞಾನವೆಂದು ಕ್ಷಮಿಸಿದರು.

ಸ್ವಕ್ಷೇತ್ರದಲ್ಲಿ ಚಕ್ರವರ್ತಿಯಾದ ಈ ಪುರುಷನು ಪರಸ್ಥಳದಲ್ಲಿ ಎಷ್ಟು ಅನಾಥನೆಂಬುದು ಸ್ನೇಹಿತರೊಬ್ಬರ ಸ್ಟುಡಿಯೊದಲ್ಲಿ ಪ್ರಕಟವಾಯಿತು. ಅಲ್ಲಿದ್ದುದು ರೀಪರ್ ಅಲ್ಲ, ಪ್ರೊ ಟೂಲ್ಸ್ ಎಂಬ ಇನ್ನೊಂದು ಧ್ವನಿಮುದ್ರಣದ ಸಾಫ್ಟ್‌ವೇರು. ಭಾವಗೀತೆಯೊಂದರ ಪಲ್ಲವಿ ಮುಗಿದು, ಎಂಜಿನಿಯರು ಚಹಾಕ್ಕೆಂದು ಎದ್ದುಹೋದ ಸುಮುಹೂರ್ತದಲ್ಲಿ, ಗಾಯಕಿಯ ಉಸಿರಾಟದ ಸದ್ದೊಂದನ್ನು ಬೇರ್ಪಡಿಸುವ ಪರೋಪಕಾರಬುದ್ಧಿಯಿಂದ ಶಾಸ್ತ್ರಿಗಳು ಕಿರುಬೆರಳನ್ನು ಎ ಅಕ್ಷರದ ಮೇಲಿಟ್ಟು ಒತ್ತಿದರು. ಅಕ್ಷರದ ಕೀಲಿಗಳೇ ನೇರವಾಗಿ ಆಜ್ಞೆಗಳಾಗುವ ಏರ್ಪಾಡು ಅಲ್ಲಿ ಚಾಲನೆಯಲ್ಲಿತ್ತು. ಆ ಏರ್ಪಾಡಿನಲ್ಲಿ ಎ ಅಕ್ಷರವು ಕರ್ಸರಿನ ಹಿಂದಿರುವ ಭಾಗವನ್ನೆಲ್ಲ ಸವರಿಹಾಕುತ್ತದೆ. ಉಸಿರಿನೊಡನೆ ಪಲ್ಲವಿಯೂ ಪರದೆಯಿಂದ ಅಂತರ್ಧಾನವಾಯಿತು. ಎಂಜಿನಿಯರು ಲೋಟವನ್ನು ಕೆಳಗಿಡದೆ, ಒಂದೇ ಕೈಯಿಂದ ಅನ್‌ಡೂ ಒತ್ತಿ ಅದನ್ನು ಮರಳಿ ತಂದರು. ಶಾಸ್ತ್ರಿಗಳಿಗೆ ಲಜ್ಜೆಯಾಯಿತೆಂದು ಯಾರಾದರೂ ತಿಳಿದರೆ ಅದು ತಪ್ಪು. ಅವರ ಮುಖದಲ್ಲಿ ಕಂಡದ್ದು ಕರುಣೆ. “ಪಾಪ, ಇಲ್ಲಿನ ಕೀಲಿಗಳಿಗೆ ಇನ್ನೂ ಸಂಸ್ಕಾರವಾಗಿಲ್ಲ,” ಎಂದರು. ಅಂದಿನಿಂದ ತಮ್ಮ ಕೀಲಿವಿನ್ಯಾಸದ ಫೈಲನ್ನು ಪೆನ್‌ಡ್ರೈವಿನಲ್ಲಿಟ್ಟುಕೊಂಡೇ ಅವರು ಮನೆಯ ಹೊಸ್ತಿಲು ದಾಟುವುದು. ರೀಪರಿನ ಫೈಲನ್ನು ಪ್ರೊ ಟೂಲ್ಸ್ ಓದಲಾರದೆಂಬ ಅಲ್ಪವಿಷಯ ಅವರ ಉತ್ಸಾಹವನ್ನು ಕುಗ್ಗಿಸಿಲ್ಲ.

ಮೊನ್ನೆ ಪಕ್ಕದ ಮನೆಯ ಹುಡುಗಿಯೊಬ್ಬಳು, ಕಾಲೇಜಿನ ಸ್ಪರ್ಧೆಗೆ ದೇವರನಾಮವೊಂದನ್ನು ಕಳುಹಿಸಬೇಕಾಗಿ, ಅವರ ಕೋಣೆಗೆ ಬಂದಳು. ಕೀಬೋರ್ಡಿನ ಮೇಲೆ ಹಳದಿ, ಹಸಿರು, ಕೆಂಪು ಚೀಟಿಗಳನ್ನಂಟಿಸಿಕೊಂಡು ಮೆರೆಯುತ್ತಿದ್ದ ಕೀಲಿಗಳನ್ನು ಬೆರಗಿನಿಂದ ನೋಡಿ, “ಅಂಕಲ್, ರೆಕಾರ್ಡ್‌ಗೆ ಯಾವುದು?” ಎಂದು ಕೇಳಿದಳು. ಶಾಸ್ತ್ರಿಗಳು ತಡಕಾಡಿದರು, ಕೊನೆಗೆ ಪಟ್ಟಿಯನ್ನೇ ತೆರೆದು ನೋಡಬೇಕಾಯಿತು. ಕಂಪನಿಯವರು ಕೊಟ್ಟಿದ್ದಂತೆಯೇ, ಕಂಟ್ರೋಲ್ ಮತ್ತು ಆರ್ ಎಂಬೆರಡು ಕೀಲಿಗಳನ್ನು ಒಟ್ಟಿಗೆ ಒತ್ತಬೇಕಾದ ಹಳೆಯ ಸ್ಥಾನದಲ್ಲಿಯೇ ಆ ಆಜ್ಞೆ ಅಸ್ಪೃಷ್ಟವಾಗಿ ಉಳಿದಿತ್ತು.

“ಎಲ್ಲಾನೂ ಬದಲಾಯಿಸಿದ್ದೀರಿ, ಇದೊಂದನ್ನ ಯಾಕೆ ಹಾಗೇ ಬಿಟ್ಟಿದ್ದೀರಿ ಅಂಕಲ್?”

“ಅದನ್ನ ಅಷ್ಟಾಗಿ ಬಳಸೋದಿಲ್ಲಮ್ಮ,” ಎಂದರು ಶಾಸ್ತ್ರಿಗಳು, ಸಿದ್ಧಾಂತಕ್ಕೆ ಕಿಂಚಿತ್ತೂ ಚ್ಯುತಿ ಬಾರದ ಗಾಂಭೀರ್ಯದಿಂದ.